ಪಿನ್‌ಕೋಡ್ ಹಾಕಿದರೆ ‘ಸಿಗುತ್ತದೆ’ ಅನ್ನುತ್ತದೆ, ನಂಬಬಹುದೇ?

ಪ್ರಶ್ನೆ: ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಫ್ಲ್ಯಾಟ್ ನೋಡುತ್ತಿದ್ದೇವೆ. ಎರಡು ಮನಸ್ಸಿಗೆ ಬಂದಿವೆ. ಒಂದು ಇನ್ನೂ ಕಟ್ಟುತ್ತಿರುವ ಹೊಸ ಟವರಿನಲ್ಲಿ, ಇನ್ನೊಂದು ಹತ್ತು ವರ್ಷ ಹಳೆಯ ಕಟ್ಟಡದಲ್ಲಿ ಮರುಮಾರಾಟಕ್ಕೆ ಬಂದಿರುವುದು. ನಾನು, ನನ್ನ ಹೆಂಡತಿ ಇಬ್ಬರಿಗೂ ವಾರದ ಬಹುಪಾಲು ಮನೆಯಿಂದಲೇ ಕೆಲಸ. ಬ್ರಾಡ್‌ಬ್ಯಾಂಡ್ ಕಂಪನಿಗಳ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದರೆ ಎಲ್ಲವೂ ‘ನಿಮ್ಮ ಪ್ರದೇಶದಲ್ಲಿ ಸಿಗುತ್ತದೆ’ ಎನ್ನುತ್ತವೆ. ಅಷ್ಟು ಸಾಕೇ? ಮುಂಗಡ ಕೊಡುವ ಮೊದಲು ಇನ್ನೇನು ನೋಡಬೇಕು?

ಉತ್ತರ: ಸಾಲದು. ಪಿನ್‌ಕೋಡ್ ಇರುವುದು ಅಂಚೆ ಹಂಚುವುದಕ್ಕೆ. ನಗರದ ಅಂಚಿನಲ್ಲಿ ಒಂದೇ ಪಿನ್‌ಕೋಡಿನೊಳಗೆ ಹಲವು ಹಳ್ಳಿ, ಲೇಔಟು, ಅಪಾರ್ಟ್‌ಮೆಂಟುಗಳು ಸೇರಿರುತ್ತವೆ. ಕಂಪನಿಯ ಪುಟ ‘ಸಿಗುತ್ತದೆ’ ಎಂದರೆ ಆ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ನಮ್ಮ ಕೇಬಲ್ ಓಡಿದೆ, ಫೋನ್ ನಂಬರ್ ಕೊಡಿ, ನಮ್ಮ ಹುಡುಗ ಬಂದು ನೋಡುತ್ತಾನೆ ಎಂದರ್ಥ. ಕೇಬಲ್ ನಿಮ್ಮ ಗೇಟಿನವರೆಗೆ ಬಂದಿದೆಯೇ, ಒಳಗೆ ಬರಲು ಅಪ್ಪಣೆ ಇದೆಯೇ, ನಿಮ್ಮ ಮಹಡಿಗೆ ಹತ್ತಲು ದಾರಿ ಇದೆಯೇ, ಕೆಲಸದ ಮೇಜಿನವರೆಗೆ ಗೋಡೆಯೊಳಗೆ ಪೈಪಿದೆಯೇ, ಇವನ್ನು ಆ ಪುಟ ಹೇಳಲಾರದು.

ಕೊಳ್ಳುವವರು ವೇಗದ ಬಗ್ಗೆ ವಿಚಾರಿಸುತ್ತಾರೆ, ದಾರಿಯ ಬಗ್ಗೆ ವಿಚಾರಿಸುವುದಿಲ್ಲ. ನೂರು ಎಂಬಿಪಿಎಸ್ ಸಾಲದಾದರೆ ಒಂದು ಫೋನ್ ಮಾಡಿ ಮುನ್ನೂರಕ್ಕೆ ಏರಿಸಿಕೊಳ್ಳಬಹುದು. ಕಟ್ಟಡಕ್ಕೆ ಒಮ್ಮೆ ಎರಕ ಹೊಯ್ದ ಮೇಲೆ ಅದರೊಳಗೆ ದಾರಿ ಮಾಡಿಸುವುದು ಎಷ್ಟು ದುಡ್ಡು ಸುರಿದರೂ ಕಷ್ಟ. ಆದ್ದರಿಂದ ನಾನು ಮನೆಯ ಒಳಗಿನಿಂದ ಶುರುಮಾಡಿ ರಸ್ತೆಯ ಕಡೆಗೆ ಹೋಗುತ್ತೇನೆ.

ನೀವು ನೋಡಿರುವ ಹೊಸ ಟವರು ಬಹುಶಃ ಮೈವಾನ್ ಪದ್ಧತಿಯದ್ದು. ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಈಗ ಇದು ಬಹಳ ಬಳಕೆಯಲ್ಲಿದೆ. ಅಲ್ಯೂಮಿನಿಯಂ ಸೆಂಟರಿಂಗ್ ನಿಲ್ಲಿಸಿ ಗೋಡೆ, ತಾರಸಿ ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಹೊಯ್ಯುತ್ತಾರೆ. ಕೆಲಸ ಬೇಗ ಆಗುತ್ತದೆ, ಗೋಡೆ ನೇರವಾಗಿರುತ್ತದೆ. ಆದರೆ ಈ ಗೋಡೆಗಳಲ್ಲಿ ಕಬ್ಬಿಣ ಇರುತ್ತದೆ, ಕಟ್ಟಡದ ಭಾರ ಹೊರುವುದು ಇವೇ. ಇಟ್ಟಿಗೆ ಅಥವಾ ಬ್ಲಾಕಿನ ಗೋಡೆಗೆ ಕಟಿಂಗ್ ಹೊಡೆದು ಪೈಪ್ ಕೂರಿಸುವ ಹಾಗೆ ಇದಕ್ಕೆ ಹೊಡೆಯಲು ಬಿಲ್ಡರ್ ಬಿಡುವುದಿಲ್ಲ, ಬಿಡಲೂಬಾರದು. ವಿದ್ಯುತ್ ತಂತಿ, ಟಿವಿ, ಇಂಟರ್ನೆಟ್ ಯಾವುದರ ಪೈಪಾದರೂ ಕಾಂಕ್ರೀಟ್ ಹೊಯ್ಯುವ ಮೊದಲೇ ಕಂಬಿಯ ನಡುವೆ ಕಟ್ಟಿರಬೇಕು. ನಕ್ಷೆಯಲ್ಲಿ ಹಾಲಿನ ಟಿವಿ ಗೋಡೆಗೆ ಮಾತ್ರ ಇಂಟರ್ನೆಟ್ ಪಾಯಿಂಟ್ ತೋರಿಸಿದ್ದರೆ ಆ ಮನೆಯಲ್ಲಿ ಆಯುಷ್ಯವಿಡೀ ಅದೊಂದೇ ಪಾಯಿಂಟು. ಮಿಕ್ಕಿದ್ದಕ್ಕೆಲ್ಲ ಸ್ಕರ್ಟಿಂಗ್ ಅಂಚಿನಲ್ಲಿ ಕೇಬಲ್ ಎಳೆದು ಕ್ಲಿಪ್ ಹೊಡೆದುಕೊಂಡು ಇರಬೇಕಾಗುತ್ತದೆ.

ವೈಫೈ ಇದೆಯಲ್ಲ ಎನ್ನುತ್ತೀರಿ. ಸಮಸ್ಯೆ ಅಲ್ಲಿಯೇ ಹೆಚ್ಚು. ರೂಟರು ಎರಡು ತರಂಗಾಂತರಗಳಲ್ಲಿ ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸಿನದು ಗೋಡೆ ದಾಟುತ್ತದೆ, ಆದರೆ ನಿಧಾನ. ಅಪಾರ್ಟ್‌ಮೆಂಟಿನಲ್ಲಿ ಮೇಲೆ, ಕೆಳಗೆ, ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ ಅದೇ ಜಾಗದಲ್ಲಿ ಗದ್ದಲ ಮಾಡುತ್ತಿರುತ್ತವೆ. 5 ಗಿಗಾಹರ್ಟ್ಸಿನದು ವೇಗವಾದದ್ದು, ಆದರೆ ಕಂಬಿ ತುಂಬಿದ ಆರು ಇಂಚಿನ ಕಾಂಕ್ರೀಟ್ ಗೋಡೆ ಎರಡು ಅಡ್ಡ ಬಂದರೆ ಅದರಲ್ಲಿ ಉಳಿಯುವುದು ಬಹಳ ಕಡಿಮೆ. ಹಾಲಿನಲ್ಲಿ ಮುನ್ನೂರು ಬರುವ ಮನೆಯಲ್ಲಿ ಮೂಲೆಯ ಕೋಣೆಯಲ್ಲಿ ವೀಡಿಯೋ ಕಾಲ್ ಕಡಿದುಹೋಗುವುದು ಇದರಿಂದಲೇ. ಜನ ಕಂಪನಿಗೆ ಬೈಯುತ್ತಾರೆ, ಅಡ್ಡ ನಿಂತಿರುವುದು ಗೋಡೆ. ವೈಫೈಯನ್ನು ಕೋಣೆಯಿಂದ ಕೋಣೆಗೆ ದಾಟಿಸುವ ಮೆಶ್ ಪೆಟ್ಟಿಗೆಗಳನ್ನು ತಂದಿಡಬಹುದು, ಆದರೆ ಅವು ಒಂದಕ್ಕೊಂದು ಗಾಳಿಯಲ್ಲೇ ಮಾತಾಡಬೇಕಾದರೆ ಅದೇ ಗೋಡೆ ಮತ್ತೆ ಎದುರಾಗುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಲ್ಯಾನ್ ಕೇಬಲ್ ಇದ್ದರೆ ಮಾತ್ರ ಮೆಶ್ ಚೆನ್ನಾಗಿ ನಡೆಯುತ್ತದೆ.

ಆದ್ದರಿಂದ ಬಿಲ್ಡರ್ ಕಚೇರಿಯಲ್ಲಿ ಮಾದರಿ ಮನೆಯ ಸೋಫಾ ನೋಡಿದ ಮೇಲೆ ಎಲೆಕ್ಟ್ರಿಕಲ್ ಡ್ರಾಯಿಂಗ್ ಕೊಡಿ ಎಂದು ಕೇಳಿ. ನಿಮ್ಮ ಮಾದರಿಯ ಫ್ಲ್ಯಾಟಿನಲ್ಲಿ ಇಂಟರ್ನೆಟ್ ಪೈಪು ಎಲ್ಲಿಂದ ಒಳಬರುತ್ತದೆ, ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ಕೋಣೆಗೆ ಕವಲೊಡೆಯುತ್ತದೆ ನೋಡಿ. ಪೈಪು ನಿಲ್ಲುವ ಜಾಗದಲ್ಲಿ ಪವರ್ ಸಾಕೆಟ್ ಇರಬೇಕು, ಅದಕ್ಕೆ ಜನರೇಟರಿನ ಕರೆಂಟ್ ಬರುತ್ತಿರಬೇಕು. ಫೈಬರ್ ಪೆಟ್ಟಿಗೆಯನ್ನು ಶೂ ರ‍್ಯಾಕ್ ಮೇಲಿನ ಎಂಸಿಬಿ ಬಾಕ್ಸಿನ ಪಕ್ಕ, ಲೋಹದ ಮುಚ್ಚಳದೊಳಗೆ ಇಡುವಂತೆ ಜಾಗ ಮಾಡಿರುವ ಮನೆಗಳಿವೆ. ವೈಫೈಗೆ ಅದಕ್ಕಿಂತ ಕೆಟ್ಟ ಜಾಗ ಸಿಗದು. ಅಲ್ಲಿಂದ ಮನೆಯ ನಡುಭಾಗಕ್ಕೆ ಇನ್ನೊಂದು ಪೈಪಿದ್ದರೆ ಸರಿ, ಇಲ್ಲದಿದ್ದರೆ ಯೋಚಿಸಿ. ಪೈಪಿನ ಮೂಲೆಗಳಲ್ಲಿ ಲಂಬಕೋನದ ಎಲ್ಬೋ ಬದಲು ನಿಧಾನ ಬಾಗುವ ಬೆಂಡ್ ಹಾಕುತ್ತೀರಾ ಎಂದೂ ಕೇಳಿ. ಫೈಬರ್ ಗಾಜಿನ ಎಳೆ, ಚೂಪಾಗಿ ಮಡಿಸಿದರೆ ಬೆಳಕು ಸೋರುತ್ತದೆ.

ಇನ್ನು ಮನೆಯ ಬಾಗಿಲಿನಿಂದ ಕೆಳಗೆ. ಮಹಡಿಯ ಲಿಫ್ಟ್ ಲಾಬಿಯಲ್ಲಿ ಒಂದೆರಡು ಸಣ್ಣ ಬಾಗಿಲುಗಳಿರುತ್ತವೆ. ಅವುಗಳ ಹಿಂದೆ ತಳದಿಂದ ತಾರಸಿಯವರೆಗೆ ಓಡುವ ಶಾಫ್ಟ್. ವಿದ್ಯುತ್ತಿನ ಶಾಫ್ಟ್ ಬೇರೆ, ಟಿವಿ, ಇಂಟರ್‌ಕಾಮ್, ಇಂಟರ್ನೆಟ್ ಕೇಬಲ್ಲುಗಳ ಶಾಫ್ಟ್ ಬೇರೆ ಇರಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಈ ಸಂಪರ್ಕ ಸೌಕರ್ಯಗಳಿಗಾಗಿಯೇ ಒಂದು ಪ್ರತ್ಯೇಕ ಅಧ್ಯಾಯವಿದೆ. ಹಳೆಯ ಕಟ್ಟಡ ನೋಡಲು ಹೋದಾಗ ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ಬಾಗಿಲು ತೆಗೆಸಿ. ಒಳಗೆ ಟ್ರೇ ಮೇಲೆ ಅಚ್ಚುಕಟ್ಟಾಗಿ ಕಟ್ಟಿದ ಕೇಬಲ್ಲುಗಳಿದ್ದರೆ ಸಂತೋಷ. ಕಾಲಿಟ್ಟಲ್ಲೆಲ್ಲ ಯಾರೂ ಬಿಚ್ಚಿ ತೆಗೆಯದ ಸತ್ತ ಕೇಬಲ್ಲಿನ ಸಿಂಬೆ ಬಿದ್ದಿದ್ದರೆ ಹೊಸ ಕಂಪನಿಯ ಹುಡುಗ ಬಂದು ‘ಜಾಗ ಇಲ್ಲ ಸಾರ್, ಡಕ್ಟಲ್ಲಿ ಹೋಗಲ್ಲ’ ಎನ್ನುವುದು ಖಚಿತ.

ಹತ್ತು ವರ್ಷ ಹಳೆಯ ಕಟ್ಟಡದಲ್ಲಿ ಇನ್ನೊಂದು ಮುಖ್ಯವಾದ ಪ್ರಶ್ನೆ ಇದೆ: ಫೈಬರ್ ಬರುವುದು ಮನೆಯವರೆಗೋ, ಕಟ್ಟಡದವರೆಗೋ? ಆಗ ಬಹಳ ಕಡೆ ಫೈಬರನ್ನು ತಾರಸಿಗೆ ತಂದು, ಅಲ್ಲೊಂದು ಸ್ವಿಚ್ ಪೆಟ್ಟಿಗೆ ಕೂರಿಸಿ, ಅಲ್ಲಿಂದ ಮನೆಮನೆಗೆ ತಾಮ್ರದ ಲ್ಯಾನ್ ಕೇಬಲ್ ಇಳಿಸಿದರು. ಇದೂ ನಡೆಯುತ್ತದೆ. ಆದರೆ ಆ ಕೇಬಲ್ಲು ನೂರು ಮೀಟರಿನ ಮಿತಿಯೊಳಗೇ ಇರಬೇಕು. ನಾಲ್ಕೇ ತಂತಿ ಬಳಸಿ ಜೋಡಿಸಿದ್ದರೆ ವೇಗ ನೂರು ಎಂಬಿಪಿಎಸ್ ದಾಟುವುದಿಲ್ಲ. ತಾರಸಿಯ ಆ ಪೆಟ್ಟಿಗೆಗೂ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಎಂಥ ಯುಪಿಎಸ್ ಇದ್ದರೂ, ಕರೆಂಟ್ ಹೋದಾಗ ಮೇಲಿನ ಪೆಟ್ಟಿಗೆ ಆರಿದರೆ ನಿಮ್ಮ ನೆಟ್ ಹೋಯಿತು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಆ ಸ್ವಿಚ್ಚುಗಳ ಪೋರ್ಟ್ ಸುಟ್ಟುಹೋಗುವುದೂ ಉಂಟು. ಮನೆಯವರೆಗೂ ಫೈಬರ್ ಇದ್ದರೆ ದಾರಿಯ ನಡುವೆ ಕರೆಂಟ್ ಬೇಡುವ ಪೆಟ್ಟಿಗೆ ಇರುವುದಿಲ್ಲ. ಕಂಪನಿಯ ಕೇಂದ್ರದಿಂದ ಬರುವ ಒಂದು ಎಳೆಯನ್ನು ಬೆಳಕು ಸೀಳುವ ಸ್ಪ್ಲಿಟರ್ ಎಂಬ ಪುಟ್ಟ ಸಾಧನ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಅದಕ್ಕೆ ಕರೆಂಟ್ ಬೇಕಿಲ್ಲ, ಸಿಡಿಲಿನ ಹೆದರಿಕೆಯೂ ಇಲ್ಲ. ಈಗ ಬಹಳವಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಆ ಒಂದು ಎಳೆಯ ಒಟ್ಟು ಸಾಮರ್ಥ್ಯ ಸುಮಾರು 2.5 ಗಿಗಾಬಿಟ್. ಒಂದೇ ತೊಟ್ಟಿಯ ನೀರನ್ನು ಮೂವತ್ತೆರಡು ಮನೆ ಹಂಚಿಕೊಂಡ ಹಾಗೆ, ಎಲ್ಲರೂ ಒಟ್ಟಿಗೆ ನಲ್ಲಿ ಬಿಟ್ಟಾಗ ಮಾತ್ರ ಕೊರತೆ ಕಾಣುತ್ತದೆ.

ದಾರಿ ಇದ್ದ ಮಾತ್ರಕ್ಕೆ ಆಗಲಿಲ್ಲ, ಅದರಲ್ಲಿ ಯಾರನ್ನು ಬಿಡುತ್ತಾರೆ ಎಂಬುದೂ ಇದೆ. ನನಗೆ ನಿಜವಾಗಿ ಸಿಟ್ಟು ಬರುವ ವಿಷಯ ಇದು. ಬಿಲ್ಡರೋ, ನಂತರ ಬಂದ ಅಸೋಸಿಯೇಷನ್ನೋ ಒಂದೇ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಉಳಿದವರನ್ನು ಗೇಟಿನಲ್ಲೇ ನಿಲ್ಲಿಸುವ ಕಟ್ಟಡಗಳಿವೆ. ಒಳಗಿನ ಫೈಬರೂ ಆ ಕಂಪನಿಯದೇ ಆಗಿರುತ್ತದೆ. ಅಲ್ಲಿ ಬೆಲೆ ಅವರು ಹೇಳಿದ್ದು, ರಿಪೇರಿ ಅವರು ಬಂದಾಗ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರ ಜನವರಿಯಲ್ಲೇ ಕಟ್ಟಡದೊಳಗಿನ ಪ್ರವೇಶದ ಬಗ್ಗೆ ಸರ್ಕಾರಕ್ಕೆ ಶಿಫಾರಸು ಕೊಟ್ಟಿತು. ಒಳಗಿನ ಸೌಕರ್ಯವನ್ನು ಕಂಪನಿಗಳು ಹಂಚಿಕೊಳ್ಳಬೇಕು, ಬೇರೆಯವರನ್ನು ತಡೆಯುವ ಏಕಸ್ವಾಮ್ಯದ ಒಪ್ಪಂದ ಕೂಡದು ಎಂಬುದು ಅದರ ಸಾರ. ಆದರೂ ಗೇಟಿನ ಬಳಿ ನಡೆಯುವುದು ಗೇಟಿನವರ ಮಾತು. ಮಾರಾಟದವರನ್ನು ‘ಇಂಟರ್ನೆಟ್ ಇದೆಯಾ’ ಎಂದು ಕೇಳಿದರೆ ‘ಇದೆ’ ಎಂದೇ ಹೇಳುತ್ತಾರೆ. ‘ಇಲ್ಲಿಗೆ ಯಾವ ಯಾವ ಕಂಪನಿಗೆ ಪರ್ಮಿಷನ್ ಕೊಟ್ಟಿದ್ದೀರಿ, ಹೊಸಬರು ಬಂದರೆ ಏನು ಶುಲ್ಕ, ಒಳಗಿನ ಫೈಬರ್ ಯಾರದ್ದು’ ಎಂದು ಕೇಳಿ. ಹಳೆಯ ಕಟ್ಟಡವಾದರೆ ಈ ಪ್ರಶ್ನೆ ಅಸೋಸಿಯೇಷನ್ ಕಾರ್ಯದರ್ಶಿಗೆ. ಗೇಟಿನ ಸೆಕ್ಯೂರಿಟಿಯವರನ್ನೂ ಮಾತಾಡಿಸಿ: ‘ಅಣ್ಣಾ, ನೆಟ್ ರಿಪೇರಿಗೆ ಇಲ್ಲಿ ಯಾರ‍್ಯಾರು ಬರ್ತಾರೆ?’ ಬಂದುಹೋಗುವವರ ದಾಖಲೆ ಅವರ ಬಳಿ ಇರುತ್ತದೆ. ಯಾವ ಕಂಪನಿಯವರು ವಾರಕ್ಕೆ ನಾಲ್ಕು ಸಲ ಬರುತ್ತಾರೆ ಎಂಬುದೂ ಅವರಿಗೆ ಗೊತ್ತು, ಅದರ ಅರ್ಥ ನಿಮಗೆ ಗೊತ್ತಾಗುತ್ತದೆ.

ಈಗ ರಸ್ತೆ. ರೆಸಿಡೆನ್ಸಿ ರಸ್ತೆ, ವಿಠಲ ಮಲ್ಯ ರಸ್ತೆಯಂಥ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಪಾದಚಾರಿ ಮಾರ್ಗದ ಕೆಳಗೆ ಕೇಬಲ್ಲುಗಳಿಗೆಂದೇ ಡಕ್ಟ್ ಮಾಡಿದ್ದಾರೆ. ನಿಮ್ಮ ಕಡೆ ಹೆಚ್ಚಿನ ಕೇಬಲ್ಲು ಬೆಸ್ಕಾಂ ಕಂಬಗಳ ಮೇಲೆ, ಮರದಿಂದ ಮರಕ್ಕೆ ಜೋತು ಬಿದ್ದಿರುತ್ತದೆ. ಬೆಸ್ಕಾಂನವರೋ ಪಾಲಿಕೆಯವರೋ ಆಗಾಗ ಕಾರ್ಯಾಚರಣೆಗೆ ಇಳಿದು ಅವನ್ನು ಕತ್ತರಿಸಿ ಹಾಕುತ್ತಾರೆ. ಜನರ ತಲೆಗೆ, ಬೈಕಿಗೆ ಸಿಕ್ಕುವ ಕೇಬಲ್ ತೆಗೆಯಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ದಿನ ನಿಮ್ಮ ಮೀಟಿಂಗು ನಿಲ್ಲುತ್ತದೆ. ನೆಲದಡಿ ಹೋದ ಕೇಬಲ್ಲಿಗೆ ಜೆಸಿಬಿಯ ಭಯ. ಕಾವೇರಿ ಐದನೇ ಹಂತದ ನೀರಿನ ಯೋಜನೆಗಾಗಿ ನಗರದಂಚಿನ 110 ಹಳ್ಳಿಗಳ ಉದ್ದಗಲಕ್ಕೂ ರಸ್ತೆ ಅಗೆದದ್ದು ನೆನಪಿರಬಹುದು. ಅಗೆಯುವ ಮುನ್ನ ಕೇಬಲ್ ಇರುವ ಕಂಪನಿಗಳಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿತು. ಗುತ್ತಿಗೆದಾರರು ಅದನ್ನು ಬಳಸುವ ದಿನಕ್ಕೆ ನಾವು ಕಾಯಬೇಕು.

ಇಬ್ಬರೂ ಮನೆಯಿಂದ ಕೆಲಸ ಮಾಡುವವರಾದ್ದರಿಂದ ಎರಡು ಕಂಪನಿಯ ಸಂಪರ್ಕ ಇಟ್ಟುಕೊಳ್ಳಲು ಯಾರಾದರೂ ಹೇಳಿರುತ್ತಾರೆ. ಒಳ್ಳೆಯ ಮಾತೇ. ಆದರೆ ಆ ಎರಡೂ ಒಂದೇ ಕಂಬದ ಮೇಲೆ ಬಂದು, ಒಂದೇ ಶಾಫ್ಟಿನಲ್ಲಿ ಹತ್ತಿದರೆ ಒಂದು ಕತ್ತರಿಗೆ ಎರಡೂ ಹೋಗುತ್ತವೆ. ಗೇಟಿನ ಹೊರಗೆ ನಿಂತು ತಲೆಯೆತ್ತಿ ನೋಡಿ: ಒಂದು ಕೇಬಲ್ಲು ಮುಂದಿನ ರಸ್ತೆಯಿಂದ, ಇನ್ನೊಂದು ಹಿಂದಿನ ಅಡ್ಡರಸ್ತೆಯಿಂದ ಬರುತ್ತಿದ್ದರೆ ಅದು ನಿಜವಾದ ಎರಡು. ಇಲ್ಲವಾದರೆ ಎರಡನೆಯದಕ್ಕೆ ಮೊಬೈಲ್ ಜಾಲವನ್ನೇ ನಂಬುವುದು ಮೇಲು.

ಅದಕ್ಕಾಗಿ ಏರ್‌ಫೈಬರ್ ಇದೆ. 2023ರ ಸೆಪ್ಟೆಂಬರಿನಲ್ಲಿ ಜಿಯೋ ಇದನ್ನು ಶುರು ಮಾಡಿದಾಗ ಮೊದಲ ಪಟ್ಟಿಯಲ್ಲೇ ಬೆಂಗಳೂರು ಇತ್ತು. ಏರ್‌ಟೆಲ್ ಅದಕ್ಕೂ ಮುನ್ನ ಆಗಸ್ಟಿನಲ್ಲಿ ದೆಹಲಿ, ಮುಂಬೈಗಳಲ್ಲಿ ಆರಂಭಿಸಿತ್ತು. 5ಜಿ ಟವರಿನಿಂದ ಬರುವ ಸಂಕೇತವನ್ನು ತಾರಸಿ ಅಥವಾ ಬಾಲ್ಕನಿಯ ಹೊರಗಿಟ್ಟ ಪೆಟ್ಟಿಗೆ ಹಿಡಿದು ಒಳಗೆ ಕೊಡುತ್ತದೆ. ಕೇಬಲ್ ಬಾರದ ಜಾಗಕ್ಕೆ ಇದು ದೊಡ್ಡ ಉಪಕಾರ. ಆದರೂ ಇದನ್ನೇ ನೆಚ್ಚಿ ಮನೆ ಕೊಳ್ಳಬೇಡಿ ಎನ್ನುವೆ. ಇಂದು ನಿಮ್ಮ ಬಾಲ್ಕನಿಗೆ ಕಾಣುವ ಟವರಿಗೆ ಅಡ್ಡವಾಗಿ ನಾಳೆ ಇಪ್ಪತ್ತು ಮಹಡಿ ಎದ್ದರೆ ಸಂಕೇತ ಕುಸಿಯುತ್ತದೆ. ಬಾಲ್ಕನಿಯ ಹೊರಗೆ ಏನನ್ನೂ ಕಟ್ಟಬಾರದು ಎಂಬ ನಿಯಮವಿರುವ ಅಸೋಸಿಯೇಷನ್ನುಗಳೂ ಇವೆ. ಮೊಬೈಲ್ ಸಿಗ್ನಲ್ಲನ್ನು ಪ್ರತ್ಯೇಕವಾಗಿ ನೋಡಿ. ಬಾಲ್ಕನಿಯಲ್ಲಿ ನೋಡಿದರೆ ಸಾಲದು, ಒಳಗಿನ ಬಾತ್‌ರೂಮಿನ ಪಕ್ಕದ ಓಣಿಯಲ್ಲಿ, ಲಿಫ್ಟ್ ಲಾಬಿಯಲ್ಲಿ, ತಳದ ಪಾರ್ಕಿಂಗಿನಲ್ಲಿ ನೋಡಿ. ಬ್ಯಾಂಕಿನ ಒಟಿಪಿ ಬರಬೇಕಾದದ್ದು ಅಲ್ಲಿಗೂ. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ಟ್ರಾಯ್ ಗುಣಮಟ್ಟ ನಿಯಮಗಳ ಪ್ರಕಾರ ಮೊಬೈಲ್ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನೊಮ್ಮೆ ನೋಡಿ, ಆದರೆ ಆ ನಕ್ಷೆಗೆ ನಿಮ್ಮ ಗೋಡೆಯ ದಪ್ಪ ಗೊತ್ತಿಲ್ಲ.

ಹಳೆಯ ಫ್ಲ್ಯಾಟಿನಲ್ಲಿ ನಿಮಗೊಂದು ಅನುಕೂಲವಿದೆ: ಅಲ್ಲಿ ಈಗಾಗಲೇ ಜನ ಬದುಕುತ್ತಿದ್ದಾರೆ. ಭಾನುವಾರ ಬೆಳಗ್ಗೆ ಹೋಗಿ ಮನೆ ನೋಡಿ ಬಂದರೆ ಏನೂ ತಿಳಿಯುವುದಿಲ್ಲ. ವಾರದ ದಿನ ರಾತ್ರಿ ಒಂಬತ್ತರ ಹೊತ್ತಿಗೆ, ಎಲ್ಲರ ಮನೆಯಲ್ಲೂ ಸಿನಿಮಾ, ಕ್ರಿಕೆಟ್ ಓಡುತ್ತಿರುವಾಗ ಹೋಗಿ. ಮಾಲೀಕರ ಅಪ್ಪಣೆ ಪಡೆದು ಟ್ರಾಯ್‌ನ ಮೈಸ್ಪೀಡ್ ಆ್ಯಪನ್ನೋ ಬೇರೊಂದನ್ನೋ ಹಾಕಿ ಪರೀಕ್ಷಿಸಿ. ಡೌನ್‌ಲೋಡ್ ಜೊತೆಗೆ ಅಪ್‌ಲೋಡ್ ಸಂಖ್ಯೆಯನ್ನೂ ಗಮನಿಸಿ. ಒಂದು ವೀಡಿಯೋ ಕಾಲ್‌ಗೆ ಎರಡೂ ದಿಕ್ಕಿನಲ್ಲಿ ಮೂರು ನಾಲ್ಕು ಎಂಬಿಪಿಎಸ್ ಸಾಕು. ಇಬ್ಬರದೂ ಮೀಟಿಂಗು, ಮಗುವಿನ ಆನ್‌ಲೈನ್ ಪಾಠ ಒಟ್ಟಿಗೆ ನಡೆದರೂ ಐವತ್ತರೊಳಗೆ ಮುಗಿಯುತ್ತದೆ. ನಿಮಗೆ ಬೇಕಾದದ್ದು ಸಾವಿರ ಎಂಬಿಪಿಎಸ್ ಎಂಬ ಜಾಹೀರಾತಿಗಿಂತ ದಿನವಿಡೀ ಕಡಿಯದೆ ನಡೆಯುವ ನೂರು. ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂಬ ದೀಪವಿರುತ್ತದೆ, ಬೆಳಕು ಬಾರದಾಗ ಅದು ಕೆಂಪಾಗುತ್ತದೆ. ಪಕ್ಕದ ಮನೆಯವರನ್ನು ‘ನಿಮ್ಮಲ್ಲಿ ಕೆಂಪು ದೀಪ ಆಗಾಗ ಬರುತ್ತಾ’ ಎಂದು ಕೇಳಿ. ಈ ಪ್ರಶ್ನೆಗೆ ಜನ ಹೃದಯ ತೆರೆದು ಉತ್ತರಿಸುತ್ತಾರೆ. ಲೈನ್‌ಮನ್ ಸಿಕ್ಕರೆ ಅವನ ಪವರ್ ಮೀಟರಿನಲ್ಲಿ ಆ ಮಹಡಿಗೆ ಎಷ್ಟು ಬೆಳಕು ಬರುತ್ತಿದೆ ಎಂದು ವಿಚಾರಿಸಿ. ‘ಮೈನಸ್ ಇಪ್ಪತ್ತು’ ಎಂದರೆ ಆರೋಗ್ಯವಾಗಿದೆ. ‘ಮೈನಸ್ ಇಪ್ಪತ್ತೇಳು’ ಎಂದರೆ ಪೆಟ್ಟಿಗೆ ಅಂಚಿನಲ್ಲಿ ನಿಂತಿದೆ, ಇನ್ನೊಂದು ಕೆಟ್ಟ ಜೋಡಣೆಗೆ ಆರಿಹೋಗುತ್ತದೆ.

ಹೊಸ ಟವರಿನಲ್ಲಿ ಕೇಳಲು ನೆರೆಯವರಿಲ್ಲ, ಕೈಯಲ್ಲಿರುವುದು ಕಾಗದ. ಇಂಗ್ಲೆಂಡಿನಲ್ಲಿ 2022ರ ಡಿಸೆಂಬರಿನಿಂದ ಹೊಸ ಮನೆಗಳನ್ನು ಗಿಗಾಬಿಟ್ ಸಂಪರ್ಕಕ್ಕೆ ಸಿದ್ಧವಾಗಿಯೇ ಕಟ್ಟಬೇಕೆಂದು ಕಟ್ಟಡ ನಿಯಮದಲ್ಲೇ ಸೇರಿಸಿದ್ದಾರೆ. ನಮ್ಮಲ್ಲಿ ಟ್ರಾಯ್ 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಶ್ರೇಯಾಂಕ ಕೊಡುವ ನಿಯಮ ಹೊರಡಿಸಿತು. ಫೈಬರ್ ಸಿದ್ಧತೆ, ಒಳಗಿನ ಮೊಬೈಲ್ ಸಂಕೇತ, ವೈಫೈ, ವೇಗ ಇವನ್ನು ಅಳೆದು ನಕ್ಷತ್ರ ಕೊಡುವ ವ್ಯವಸ್ಥೆ ಅದು. ಇದು ಕಡ್ಡಾಯವಲ್ಲ, ಬಿಲ್ಡರ್ ತಾನಾಗಿ ಮುಂದೆ ಬರಬೇಕು. ಕೊಳ್ಳುವವರು ‘ನಿಮ್ಮ ಕಟ್ಟಡಕ್ಕೆ ರೇಟಿಂಗ್ ಮಾಡಿಸಿದ್ದೀರಾ’ ಎಂದು ಒಬ್ಬರಾದ ಮೇಲೊಬ್ಬರು ಕೇಳತೊಡಗಿದರೆ ಮುಂದೆ ಬರುತ್ತಾರೆ. ನೀವು ಕೇಳಿ, ‘ಇಲ್ಲ’ ಎಂಬ ಉತ್ತರ ಬಂದರೂ ಕೇಳಿ.

ಬ್ರೋಷರಿನಲ್ಲಿ ‘ಹೈಸ್ಪೀಡ್ ಇಂಟರ್ನೆಟ್ ಸೌಲಭ್ಯ’ ಎಂದಿದ್ದರೆ ಆ ಬ್ರೋಷರನ್ನು ಜೋಪಾನವಾಗಿ ಇಟ್ಟುಕೊಳ್ಳಿ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ, ಅಂದರೆ ರೇರಾದ, 12ನೇ ಸೆಕ್ಷನ್ ಪ್ರಕಾರ ಜಾಹೀರಾತಿನ ಸುಳ್ಳನ್ನು ನಂಬಿ ಹಣ ಕೊಟ್ಟವರಿಗೆ ಪರಿಹಾರದ ಹಕ್ಕಿದೆ. ಒಪ್ಪಂದದಲ್ಲಿ ಒಪ್ಪಿಕೊಂಡ ಸೌಲಭ್ಯದಲ್ಲಿ ಕೊರತೆ ಕಂಡರೆ, ಸ್ವಾಧೀನ ಪಡೆದ ಐದು ವರ್ಷದೊಳಗೆ ಬಿಲ್ಡರ್ ಸರಿಪಡಿಸಬೇಕು ಎನ್ನುತ್ತದೆ 14ನೇ ಸೆಕ್ಷನ್. ಆದರೆ ‘ಹೈಸ್ಪೀಡ್’ ಎಂಬ ಮಾತನ್ನು ಯಾರು ಹೇಗೆ ಅಳೆಯುವುದು? 2023ರ ಆರಂಭದಿಂದ ನಮ್ಮ ಸರ್ಕಾರದ ವ್ಯಾಖ್ಯೆಯಲ್ಲಿ 2 ಎಂಬಿಪಿಎಸ್ ಬಂದರೂ ಅದು ಬ್ರಾಡ್‌ಬ್ಯಾಂಡೇ. ಆದ್ದರಿಂದ ಮಾರಾಟದ ಕರಾರಿನಲ್ಲಿ ಅಳೆಯಬಹುದಾದ ಮಾತುಗಳನ್ನೇ ಬರೆಸಿ: ಪ್ರತ್ಯೇಕ ಶಾಫ್ಟ್‌ನಿಂದ ಮನೆಯೊಳಗೆ ಇಷ್ಟು ಮಿಲಿಮೀಟರಿನ ಖಾಲಿ ಪೈಪು, ಇಂತಿಂಥ ಕೋಣೆಗೆ ಲ್ಯಾನ್ ಪಾಯಿಂಟು, ಕನಿಷ್ಠ ಎರಡು ಕಂಪನಿಗಳಿಗೆ ಸಮಾನ ಪ್ರವೇಶ. ಬರೆಸುವ ಸಮಯವೂ ಮುಖ್ಯ. ರೇರಾದ 13ನೇ ಸೆಕ್ಷನ್ ಪ್ರಕಾರ ಕರಾರು ನೋಂದಣಿ ಆಗದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವ ಹಾಗಿಲ್ಲ. ಆ ಹತ್ತನ್ನು ಕೊಡುವ ಮೊದಲಿನ ವಾರಗಳಲ್ಲಿ ನಿಮ್ಮ ಮಾತಿಗೆ ಇರುವ ಬೆಲೆ ಆಮೇಲೆ ಇರುವುದಿಲ್ಲ.

ಈ ಒಂದೇ ವಿಷಯವನ್ನು ಹಿಡಿದು ನಿಮ್ಮ ಎರಡು ಮನೆಗಳಲ್ಲಿ ಆರಿಸು ಎಂದರೆ, ಮನೆಯವರೆಗೂ ಫೈಬರ್ ಬಂದಿರುವ, ಎರಡು ಕಂಪನಿಗಳು ಬೇರೆ ಬೇರೆ ದಾರಿಯಲ್ಲಿ ಬರುವ ಹಳೆಯ ಕಟ್ಟಡಕ್ಕೆ ನನ್ನ ಮತ. ಗೋಡೆ ಬ್ಲಾಕಿನದಾದರೆ ಒಳಾಂಗಣ ಕೆಲಸ ಮಾಡಿಸುವಾಗಲೇ ಬೇಕಾದ ಕೋಣೆಗೆಲ್ಲ ಪೈಪು ಎಳೆಸಬಹುದು. ಹೊಸದೇ ಇಷ್ಟವಾಗಿದ್ದರೆ, ಸೈಟ್ ಎಂಜಿನಿಯರರನ್ನು ಕಂಡು ನಿಮ್ಮ ಮಹಡಿಗೆ ಕಾಂಕ್ರೀಟ್ ಯಾವಾಗ ಎಂದು ತಿಳಿದುಕೊಳ್ಳಿ. ಅದಕ್ಕೆ ಮೊದಲು ಅರ್ಜಿ ಕೊಟ್ಟರೆ ಮಲಗುವ ಕೋಣೆಗೊಂದು ಪೈಪು ಸೇರಿಸಿಕೊಡುವ ಬಿಲ್ಡರುಗಳು ಇದ್ದಾರೆ, ಒಪ್ಪದವರೇ ಹೆಚ್ಚು. ಒಪ್ಪದಿದ್ದರೆ ಅದೇ ಟವರಿನ ಬೇರೆ ಮಾದರಿಯ ಡ್ರಾಯಿಂಗ್ ತೆಗೆಸಿ ನೋಡಿ. ಎರಡೂವರೆ ಕೋಣೆಯ ಮನೆ ಎಂದು ಮಾರುವ ಮಾದರಿಗಳಲ್ಲಿ ಆ ಅರ್ಧ ಕೋಣೆಯನ್ನು ಓದುಕೋಣೆ ಎಂದು ತೋರಿಸಿ ಅಲ್ಲೊಂದು ಡೇಟಾ ಪಾಯಿಂಟ್ ಕೊಟ್ಟಿರುವುದುಂಟು.